ಶಾಲು, ಶಿಬಿರ, ಕ್ಯಾನ್ವಾಸ್: ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಧಾರವಾಡದಲ್ಲಿ ಚಿತ್ರ ಬರೆಯುತ್ತೇನೆ. ಶಿಬಿರಕ್ಕೆ ಹೋದರೂ, ಪ್ರದರ್ಶನ ಇಟ್ಟರೂ, ಕೊನೆಗೆ ಮದುವೆ ಮನೆಯ ಪಂಕ್ತಿಯಲ್ಲಿ ಕೂತರೂ ಜನ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಫೋನಿನಲ್ಲಿ ಒಬ್ಬೊಬ್ಬರಿಗೂ ಟೈಪ್ ಮಾಡಿ ಸಾಕಾಗಿದೆ. ಅದಕ್ಕೇ ಇಲ್ಲಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಕೆಲವು ಉತ್ತರ ಉದ್ದ ಆಗಿವೆ, ಕೆಲವು ಒಂದೇ ಸಾಲು. ಪ್ರಶ್ನೆಗಳೂ ಹಾಗೇ ಅಲ್ವಾ.

ಚಿತ್ರ ತೆಗೆಯೋದು ಸರಿ, ಉದ್ಯೋಗ ಏನು?

"ಚಿತ್ರಾ ತಗೀತೀರಿ, ಖರೇ. ಉದ್ಯೋಗ ಏನ್ ಮಾಡ್ತೀರಿ?" ಮೊದಲ ಪ್ರಶ್ನೆ ಯಾವಾಗಲೂ ಇದೇ. ಒಮ್ಮೆ ಸಾಲದ ಅರ್ಜಿಯಲ್ಲಿ ಉದ್ಯೋಗದ ಜಾಗದಲ್ಲಿ 'ಕಲಾವಿದ' ಎಂದು ಬರೆದಿದ್ದೆ. ಕೌಂಟರಿನವರು ಅದನ್ನು ಹೊಡೆದು ಹಾಕಿ 'ಸ್ವಂತ ಉದ್ಯೋಗ' ಅಂತ ಬರೆಸಿದರು. ಸಾಲ ಸಿಕ್ಕಿತು, ಹಾಗಾಗಿ ನನ್ನದೇನೂ ತಕರಾರಿಲ್ಲ.

ಲೆಕ್ಕ ಹೇಳಿಬಿಡುತ್ತೇನೆ. ವರ್ಷದ ಗಳಿಕೆಯನ್ನು ನಾಲ್ಕು ಪಾಲು ಮಾಡಿದರೆ ಎರಡು ಪಾಲು ಶನಿವಾರ-ಭಾನುವಾರದ ಮಕ್ಕಳ ಕ್ಲಾಸಿನದು. ಒಂದು ಪಾಲು ಜನ ಹೇಳಿ ಬರೆಸುವ ಭಾವಚಿತ್ರಗಳದ್ದು. ಉಳಿದ ಒಂದು ಪಾಲಿನಲ್ಲಿ ಶಾಲೆಗಳ ಗೋಡೆ, ನಾಟಕದ ಪರದೆ, ಗಣಪತಿ ಹಬ್ಬದ ಮಂಟಪ ಎಲ್ಲ ಬಂತು. ನಾನಾಗಿ ಬರೆಯಬೇಕು ಅನಿಸಿ ಬರೆದ ಚಿತ್ರಗಳ ಮಾರಾಟವೂ ಅದರೊಳಗೇ, ಕೊನೆಯ ಬೆಂಚಿನಲ್ಲಿ ಕೂತಿರುತ್ತದೆ.

ಎಲ್ಲಿ ಕಲಿತಿರಿ?

ಬ್ರಷ್ ಹಿಡಿಯುವುದನ್ನು ಕಲಿತದ್ದು ಗದಗಿನ ಒಬ್ಬ ಬೋರ್ಡ್ ಪೇಂಟರ್ ಹತ್ತಿರ. ಅಂಗಡಿ ಬೋರ್ಡು, ಲಾರಿಯ ಹಿಂದಿನ ನವಿಲು, ಕಿರಾಣಿ ಅಂಗಡಿಯ ಲಕ್ಷ್ಮಿ. ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ತಗಡಿನ ಮೇಲೆ ಎಳೆದು ಟಪ್ ಎಂದು ಬಿಟ್ಟರೆ ನೆಟ್ಟಗೆ ಗೆರೆ ಬೀಳುತ್ತಿತ್ತು. ಅದರ ಮೇಲೆ ಅಕ್ಷರ. ಕೈ ನಡುಗಬಾರದು ಅಂತ ತುದಿಗೆ ಬಟ್ಟೆ ಸುತ್ತಿದ ಕೋಲನ್ನು ಎಡಗೈಯಲ್ಲಿ ಹಿಡಿದು, ಅದರ ಮೇಲೆ ಬಲಗೈ ಮಣಿಕಟ್ಟು ಇಟ್ಟುಕೊಳ್ಳಬೇಕು. ಇವತ್ತಿಗೂ ಮುಖದ ಚಿತ್ರದಲ್ಲಿ ಕಣ್ಣು ಬರೆಯುವಾಗ ನಾನು ಅದೇ ಕೋಲು ತೆಗೆಯುತ್ತೇನೆ. ಕಾಲೇಜಿಗೆ ಹೋದದ್ದು ಆಮೇಲೆ. ಫ್ಲೆಕ್ಸ್ ಬಂದ ಮೇಲೆ ಗುರುಗಳು ಅಂಗಡಿ ಮುಚ್ಚಿದರು.

ಮಗಳಿಗೆ ಚಿತ್ರಕಲೆಯಲ್ಲಿ ಆಸಕ್ತಿ ಇದೆ. ಎಲ್ಲಿ ಸೇರಿಸಬೇಕು?

ಹೈಸ್ಕೂಲಿನಲ್ಲಿದ್ದರೆ ಮೊದಲು ಲೋವರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಕಟ್ಟಿಸಿ. ಅದರಿಂದ ಕಲಾವಿದೆ ಆಗುತ್ತಾಳೆ ಅಂತಲ್ಲ. ಮೂರು ತಾಸು ಒಂದೇ ಹಾಳೆಯ ಮುಂದೆ ಕೂರುವುದು ಅವಳಿಗೆ ಇಷ್ಟವೋ ಕಷ್ಟವೋ, ನಿಮಗೂ ಅವಳಿಗೂ ಗೊತ್ತಾಗುತ್ತದೆ. ಪಿಯುಸಿ ಆದ ಮೇಲೆ ನಾಲ್ಕು ವರ್ಷದ ಬಿ.ವಿ.ಎ. ಇದೆ, ಅಂದರೆ ದೃಶ್ಯಕಲೆಯ ಪದವಿ. ಮುಂದೆ ಎರಡು ವರ್ಷದ ಸ್ನಾತಕೋತ್ತರ ಪದವಿ, ಎಂ.ವಿ.ಎ.

ಕಲಿಯುವ ಜಾಗಕ್ಕೆ ನಮ್ಮ ಕಡೆ ಕೊರತೆ ಇರಲಿಲ್ಲ. 1956ಕ್ಕೆ ಮೊದಲು ಧಾರವಾಡ ಮುಂಬೈ ಆಡಳಿತದಲ್ಲಿತ್ತು. ಹಾಗಾಗಿ ಇಲ್ಲಿನ ಹಿರಿಯರು ಬಣ್ಣ ಕಲಿಯಲು ಮುಖ ಮಾಡುತ್ತಿದ್ದದ್ದು ಮುಂಬೈಯ ಜೆ.ಜೆ. ಕಲಾಶಾಲೆಯ ಕಡೆಗೆ. ಡಿ.ವಿ. ಹಾಲಭಾವಿ ಅವರು ಅಲ್ಲಿ ಕಲಿತು ಬಂದು ಧಾರವಾಡದಲ್ಲಿ ಚಿತ್ರಕಲಾ ಶಾಲೆ ನಡೆಸಿದರು. ಗದಗಿನಲ್ಲಿ ಟಿ.ಪಿ. ಅಕ್ಕಿ ಅವರು ವಿಜಯ ಕಲಾ ಮಂದಿರ ಕಟ್ಟಿದರು. ಧಾರವಾಡ, ಗದಗ, ಹಾವೇರಿ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಎಷ್ಟೋ ಡ್ರಾಯಿಂಗ್ ಮಾಸ್ತರರು ಇಂಥ ಶಾಲೆಗಳಿಂದಲೇ ಬಂದವರು. ಸ್ವಲ್ಪ ದೂರ ಆದರೂ ಅಡ್ಡಿಯಿಲ್ಲ ಎನ್ನುವವರಿಗೆ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಅದು 1964ರಲ್ಲಿ ಶುರುವಾದದ್ದು.

ಸೇರಿಸುವ ಮೊದಲು ಒಂದು ದಿನ ಸುಮ್ನೆ ಹೋಗಿ ಬನ್ನಿ. ಕಟ್ಟಡ ನೋಡಬೇಡಿ, ಎರಡನೇ ವರ್ಷದ ಹುಡುಗರ ಸ್ಕೆಚ್ ಬುಕ್ ಕೇಳಿ ನೋಡಿ. ಬಸ್‌ಸ್ಟ್ಯಾಂಡು, ಸಂತೆ, ಮಲಗಿದ ನಾಯಿ ಇದ್ದರೆ ಸೇರಿಸಿ. ಬರೀ ಫೋಟೋ ನೋಡಿ ಬರೆದ ಸಿನಿಮಾ ನಟರೇ ಇದ್ದರೆ ಇನ್ನೊಂದು ಕಾಲೇಜು ನೋಡಿ.

ಡಿಗ್ರಿ ಇಲ್ಲದೆ ಕಲಾವಿದ ಆಗಬಹುದಾ?

ಕಲಘಟಗಿಯ ತೊಟ್ಟಿಲು ನೋಡಿದ್ದೀರಾ? ಧಾರವಾಡದಿಂದ ಬಸ್ಸಿನಲ್ಲಿ ಒಂದು ತಾಸು. ಅಲ್ಲಿನ ಚಿತ್ರಗಾರ ಮನೆತನದವರು ಕಟ್ಟಿಗೆಯ ತೊಟ್ಟಿಲಿನ ಮೇಲೆ ರಾಮಾಯಣ, ಕೃಷ್ಣಲೀಲೆ ಬರೆಯುತ್ತಾರೆ. ಅರಗಿನ ಬಣ್ಣ. ಒಂದು ಸಲ ಪಕ್ಕದಲ್ಲಿ ಕೂತು ನೋಡಿದ್ದೆ. ಕೃಷ್ಣನ ಹುಬ್ಬು ಒಂದೇ ಎಳೆತ. ಪೆನ್ಸಿಲ್ಲಿನ ಗುರುತಿಲ್ಲ, ಅಳಿಸುವ ಮಾತಿಲ್ಲ. ನಾನು ಕಾಲೇಜಿನಲ್ಲಿ ವರ್ಷಗಟ್ಟಲೆ ಹುಬ್ಬು ತಿದ್ದಿದವನು, ಸುಮ್ಮನೆ ಚಹಾ ಕುಡಿದು ಎದ್ದು ಬಂದೆ.

ಆದರೆ ಸರ್ಕಾರಿ ನೌಕರಿ ಬೇಕಿದ್ದರೆ ಡಿಗ್ರಿ ಬೇಕೇ ಬೇಕು.

ಚಿತ್ರಕಲಾ ಶಿಬಿರ ಅಂದರೆ ಅಲ್ಲಿ ಏನು ಮಾಡುತ್ತೀರಿ?

ಅಕಾಡೆಮಿಯೋ, ಮಠವೋ, ವಿಶ್ವವಿದ್ಯಾಲಯವೋ ಹತ್ತು ಹದಿನೈದು ಕಲಾವಿದರನ್ನು ಮೂರರಿಂದ ಐದು ದಿನ ಒಂದೆಡೆ ಇಟ್ಟುಕೊಳ್ಳುತ್ತಾರೆ. ಕ್ಯಾನ್ವಾಸ್, ಬಣ್ಣ, ಊಟ, ವಸತಿ ಅವರದು. ಜೊತೆಗೆ ಒಂದಿಷ್ಟು ಗೌರವಧನ, ಬಸ್ ಚಾರ್ಜು. ಬರೆದ ಚಿತ್ರ ಸಾಮಾನ್ಯವಾಗಿ ಅವರ ಹತ್ತಿರವೇ ಉಳಿಯುತ್ತದೆ. ಹೊಸಬರಿಗೆ ಇದು ಗೊತ್ತಿರುವುದಿಲ್ಲ, ಕೊನೆಯ ದಿನ ಚಿತ್ರವನ್ನು ಬಗಲಲ್ಲಿ ಇಟ್ಟುಕೊಂಡು ಗೇಟಿನ ಹತ್ತಿರ ನಿಂತಿರುತ್ತಾರೆ. ಮೊದಲೇ ಕೇಳಿಕೊಳ್ಳಿ.

ನನಗೆ ನೆನಪಿನಲ್ಲಿ ಉಳಿದದ್ದು ಲಕ್ಕುಂಡಿಯಲ್ಲಿ ಕೂತ ಮೇ ತಿಂಗಳು. ಗದಗಿನಿಂದ ಹತ್ತು ಹನ್ನೆರಡು ಕಿಲೋಮೀಟರ್. ಕಾಶಿ ವಿಶ್ವೇಶ್ವರ ಗುಡಿಯಲ್ಲಿ ಎರಡು ಗರ್ಭಗುಡಿ, ಒಂದಕ್ಕೊಂದು ಎದುರು. ಒಂದು ಶಿವನದು, ಇನ್ನೊಂದು ಸೂರ್ಯನದು. ಬಾಗಿಲ ಚೌಕಟ್ಟಿನ ಕೆತ್ತನೆ ನೋಡಿದರೆ ಬರೆಯಲು ಧೈರ್ಯವೇ ಬರುವುದಿಲ್ಲ. ನಾನು ಬಳಪದ ಕಲ್ಲಿನ ಬಣ್ಣ ಒಂದನ್ನೇ ಹಿಡಿಯೋಣ ಅಂತ ಕೂತೆ. ಬೆಳಿಗ್ಗೆ ಏಳಕ್ಕೆ ಅದು ಹಸಿರು ಬೂದಿ. ಹನ್ನೆರಡಕ್ಕೆ ಬರೀ ಬೂದಿ. ಸಂಜೆ ಹಳೇ ಬೆಲ್ಲದ ಹಾಗೆ. ಬೆಳಿಗ್ಗೆ ಕಲಸಿದ ಬಣ್ಣ ಮಧ್ಯಾಹ್ನ ಸುಳ್ಳಾಗುತ್ತಿತ್ತು. ಆ ಬಿಸಿಲಿಗೆ ಅಕ್ರಿಲಿಕ್ ಬಣ್ಣ ತಟ್ಟೆಯಲ್ಲೇ ಪ್ಲಾಸ್ಟಿಕ್ ಆಗಿ ಬಿಡುತ್ತದೆ. ಇಸ್ತ್ರಿ ಅಂಗಡಿಯವರು ಇಟ್ಟುಕೊಳ್ಳುವಂಥ ನೀರು ಚಿಮುಕಿಸುವ ಬಾಟಲಿ ಇಟ್ಟುಕೊಂಡು, ಎರಡು ನಿಮಿಷಕ್ಕೊಮ್ಮೆ ತಟ್ಟೆಗೆ ನೀರು ಹೊಡೆಯುತ್ತಾ ಬರೆದೆ.

ರಾತ್ರಿ ಊಟ ಆದ ಮೇಲಿನ ಮಾತೇ ಶಿಬಿರದ ಅಸಲಿ ಲಾಭ. ಯಾರು ಯಾವ ಬಿಳಿ ಬಣ್ಣ ವಾಪರಿಸುತ್ತಾರೆ, ಯಾರ ಚಿತ್ರ ಯಾಕೆ ಹಳದಿ ತಿರುಗಿತು, ಯಾರಿಗೆ ದುಡ್ಡು ಬಂದಿಲ್ಲ, ಎಲ್ಲ ಅಲ್ಲೇ ತಿಳಿಯುವುದು.

ಮಕ್ಕಳ ಕಾರ್ಯಾಗಾರದಲ್ಲಿ ಏನು ಕಲಿಸುತ್ತೀರಿ?

ಮೊದಲ ದಿನ ಏನೂ ಕಲಿಸುವುದಿಲ್ಲ. "ನಿಮ್ಮ ಊರು ಬರೀರಿ" ಅನ್ನುತ್ತೇನೆ. ಎಲ್ಲ ಹಾಳೆಯಲ್ಲೂ ಒಂದೇ ಊರು ಬರುತ್ತದೆ. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ದಂಡೆಗೆ ತೆಂಗಿನ ಗಿಡ, ಆಕಾಶದಲ್ಲಿ ನಾಲ್ಕು ಕಾಗೆ.

ನವಲಗುಂದದ ಕಡೆಯ ಹಳ್ಳಿ ಶಾಲೆಯಲ್ಲಿ ಒಬ್ಬ ಹುಡುಗ ಇದನ್ನೇ ಬರೆದ. ಅಲ್ಲಿ ಕಣ್ಣು ಹಾಯುವವರೆಗೆ ಎರೆ ಹೊಲ, ಚಪ್ಪಟೆ.

"ಈ ಗುಡ್ಡ ಎಲ್ಲೈತೋ ತಮ್ಮಾ?"

"ಪುಸ್ತಕದಾಗ ಐತ್ರಿ ಸರ್."

"ನಿಮ್ಮೂರಾಗ?"

"ನಮ್ಮೂರಾಗ ಏನೂ ಇಲ್ರಿ."

ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋದೆ. ಹೊಲದ ಮಣ್ಣು ಒಂದು ಹೆಂಟೆ ಎತ್ತಿಕೊಂಡು ಬಂದೆವು. ಬಣ್ಣ ಏನು ಅಂದರೆ ಎಲ್ಲರೂ "ಕರೀದು". ಕರಿ ಟ್ಯೂಬ್ ಹಚ್ಚಿ ನೋಡಿದರು, ಡಾಂಬರ್ ರೋಡ್ ಆಯಿತು. ಆಮೇಲೆ ಕಂದು ಬಣ್ಣಕ್ಕೆ ಗಾಢ ನೀಲಿ ಸೇರಿಸಿದೆವು. ಬರ್ಂಟ್ ಅಂಬರ್, ಅಲ್ಟ್ರಾಮರೀನ್. ನೀಲಿ ಜಾಸ್ತಿಯಾದರೆ ಮಳೆ ಬಿದ್ದ ಹೊಲ, ಕಂದು ಜಾಸ್ತಿಯಾದರೆ ಒಣಗಿದ ಹೊಲ. ಬಿರುಕಿನ ಒಳಗೆ ಮಾತ್ರ ಕಪ್ಪು. ಆ ಹುಡುಗ ಹಾಳೆಯ ಮುಕ್ಕಾಲು ಭಾಗ ಮಣ್ಣನ್ನೇ ಬರೆದ, ಮೇಲೆ ಒಂದು ಬೆರಳಗಲ ಆಕಾಶ. ಆ ಹಾಳೆ ಕೇಳಿ ಇಸಕೊಂಡು ಬಂದಿದ್ದೇನೆ, ನನ್ನ ಕೋಣೆಯ ಗೋಡೆಯ ಮೇಲಿದೆ.

ವಯಸ್ಸು ಎಂಟರ ಮೇಲಿದ್ದರೆ ಒಳ್ಳೆಯದು. ಸ್ಕೇಲ್, ರಬ್ಬರ್ ತರಬೇಡಿ. ಹಳೇ ಅಂಗಿ ಹಾಕಿ ಕಳಿಸಿ. ತಂದೆ ತಾಯಿ ಬಾಗಿಲ ಹೊರಗೆ.

ಪ್ರದರ್ಶನ ಇಡಬೇಕು ಅಂದರೆ ಏನೇನು ಬೇಕು? ಖರ್ಚು ಎಷ್ಟು?

ಮೊದಲು ಹಾಲ್. ಧಾರವಾಡದಲ್ಲಿ ಸರ್ಕಾರಿ ಆರ್ಟ್ ಗ್ಯಾಲರಿ ಇದೆ. ಮೂರು ನಾಲ್ಕು ತಿಂಗಳು ಮೊದಲೇ ಹೋಗಿ ದಿನಾಂಕ ಹಿಡಿಯಿರಿ. ಗೋಡೆಗೆ ಮೊಳೆ ಹೊಡೆಯಲು ಬಿಡುತ್ತಾರೋ ಇಲ್ಲವೋ ಅದೇ ದಿನ ಕೇಳಿ, ಇಲ್ಲದಿದ್ದರೆ ಹಿಂದಿನ ರಾತ್ರಿ ಸರಪಳಿ ಹುಡುಕಿಕೊಂಡು ಓಡಾಡುತ್ತೀರಿ.

ಹಾಲ್ ಬಾಡಿಗೆಗಿಂತ ಫ್ರೇಮಿನ ಖರ್ಚು ಜಾಸ್ತಿ. ಇಪ್ಪತ್ತು ಚಿತ್ರಕ್ಕೆ ಫ್ರೇಮ್ ಹಾಕಿಸಿದಾಗ ನನಗೆ 30,000 ರೂಪಾಯಿಯ ಹತ್ತಿರ ಹೋಯಿತು. ಆಮಂತ್ರಣ ಪತ್ರಿಕೆ, ಬ್ಯಾನರ್, ಟೆಂಪೋ, ಉದ್ಘಾಟನೆಯ ದಿನ ಚಹಾ ಮತ್ತು ಚುರಮುರಿ-ಮಿರ್ಚಿ ಬೇರೆ. ಮಿರ್ಚಿ ತಿಂದ ಕೈಯನ್ನು ಯಾರೂ ಚಿತ್ರಕ್ಕೆ ಹಚ್ಚದಂತೆ ಒಬ್ಬ ಹುಡುಗನನ್ನು ನಿಲ್ಲಿಸಿ. ಇದು ತಮಾಷೆಯಲ್ಲ.

ಉದ್ಘಾಟಕರು ತಡವಾಗಿಯೇ ಬರುತ್ತಾರೆ. ಬಂದು ಹತ್ತು ನಿಮಿಷದಲ್ಲಿ ಹೋಗುತ್ತಾರೆ. ಪತ್ರಿಕೆಯಲ್ಲಿ ಅವರ ಫೋಟೋ ಬರುತ್ತದೆ, ನಿಮ್ಮ ಚಿತ್ರ ಅವರ ಭುಜದ ಹಿಂದೆ ಅರ್ಧ ಕಾಣುತ್ತದೆ. ಬೇಜಾರಾಗಬೇಡಿ, ಆ ಸುದ್ದಿ ಓದಿಯೇ ಮರುದಿನ ಜನ ಬರುವುದು.

ಒಂದು ಮಳೆಗಾಲದ ಪ್ರದರ್ಶನದಲ್ಲಿ ಎರಡನೇ ದಿನ ಒಬ್ಬ ಹಿರಿಯರು ಒಳಗೆ ಬಂದರು. ಮಳೆಗೆ ನಿಲ್ಲಲು ಬಂದವರು, ಚಿತ್ರ ನೋಡಲು ಅಲ್ಲ. ತಲೆಗೆ ಗೊಬ್ಬರದ ಚೀಲದ ಕೊಪ್ಪೆ. ನನ್ನ ಒಂದು ಎತ್ತಿನ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಕೆಳಗೆ 'ಖಿಲಾರಿ ಜೋಡಿ' ಅಂತ ಚೀಟಿ ಅಂಟಿಸಿದ್ದೆ. ಓದಿಸಿಕೊಂಡು, "ಇವು ಖಿಲಾರಿ ಅಲ್ಲ ಬಿಡ್ರಿ" ಅಂದರು. "ಖಿಲಾರಿ ಕೋಡು ಹಿಂದಕ್ಕ ಬಾಗಿ ಆಮ್ಯಾಲೆ ಮ್ಯಾಲೆ ಏರತಾವು. ನೀವು ಬಗಲಿಗೆ ಹಚ್ಚೀರಿ." ಮೂರು ದಿನದಲ್ಲಿ ಅಭಿಪ್ರಾಯದ ಪುಸ್ತಕ ತುಂಬ 'ತುಂಬಾ ಚೆನ್ನಾಗಿದೆ', 'ಅದ್ಭುತ', 'ಹೀಗೇ ಮುಂದುವರಿಯಿರಿ'. ಚಿತ್ರವನ್ನು ನಿಜವಾಗಿ ನೋಡಿದವರು ಅವರೊಬ್ಬರೇ. ಮನೆಗೆ ಬಂದು ಕೋಡು ತಿದ್ದಿದೆ. ಅದಕ್ಕೆ ಮೂರು ಭಾನುವಾರ ದನದ ಸಂತೆಗೆ ಹೋಗಬೇಕಾಯಿತು.

ಗುಂಪು ಪ್ರದರ್ಶನಕ್ಕೆ ಚಿತ್ರ ಕಳಿಸುವುದು ಸುರಕ್ಷಿತವೇ?

ಕಳಿಸುವ ಮೊದಲು ಮುಂದೆ, ಹಿಂದೆ, ನಾಲ್ಕೂ ಮೂಲೆಯ ಫೋಟೋ ತೆಗೆದುಕೊಳ್ಳಿ. ಚಿತ್ರ ಕೊಟ್ಟಿದ್ದಕ್ಕೆ ಸಹಿ ಮಾಡಿದ ರಸೀದಿ ತೆಗೆದುಕೊಳ್ಳಿ. ನನ್ನದೊಂದು ಕ್ಯಾನ್ವಾಸ್ ಬೆರಳು ತೂರುವಷ್ಟು ತೂತಾಗಿ ವಾಪಸ್ ಬಂತು. ಆಯೋಜಕರು "ನಮ್ಮಲ್ಲಿ ಸರಿ ಇತ್ತು" ಎಂದರು, ಸಾಗಿಸಿದವರು "ನಾವು ಬಿಚ್ಚೇ ಇಲ್ಲ" ಎಂದರು. ರಸೀದಿ ಇರಲಿಲ್ಲ, ಮಾತು ಅಲ್ಲಿಗೇ ಮುಗಿಯಿತು.

ರೇಟ್ ಹೇಗೆ ಹಾಕುತ್ತೀರಿ? ಇಷ್ಟ್ಯಾಕೆ?

ಚದರ ಇಂಚಿನ ಲೆಕ್ಕ. ಗೋಡೆಗೆ ಟೈಲ್ಸ್ ಹಾಕಿದ ಹಾಗೆ ಅನಿಸಬಹುದು, ಆದರೆ ಇದರಷ್ಟು ಜಗಳವಿಲ್ಲದ ಲೆಕ್ಕ ಇನ್ನೊಂದಿಲ್ಲ. 24 ಇಂಚು ಅಗಲ, 30 ಇಂಚು ಎತ್ತರದ ಕ್ಯಾನ್ವಾಸ್ ಅಂದರೆ 720 ಚದರ ಇಂಚು. ಇಂಚಿಗೆ 20 ರೂಪಾಯಿ ಹಿಡಿದರೆ 14,400. ಫ್ರೇಮ್ ಬೇರೆ. ಶುರುವಿನಲ್ಲಿ ನಾನು 4 ರೂಪಾಯಿ ಹಿಡಿಯುತ್ತಿದ್ದೆ. ಒಮ್ಮೆ ಏರಿಸಿದ ರೇಟ್ ಇಳಿಸಬಾರದು, ಮೊದಲು ಕೊಂಡವರಿಗೆ ಮೋಸ ಆಗುತ್ತದೆ. ಖಾಸಗಿ ಗ್ಯಾಲರಿಯಲ್ಲಿ ಇಟ್ಟರೆ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಅವರ ಕಮಿಷನ್ ಹೋಗುತ್ತದೆ, ಅದನ್ನೂ ಸೇರಿಸಿಯೇ ರೇಟ್ ಹಾಕಬೇಕು.

ಚೌಕಾಸಿ ಮಾಡಿ, ನನಗೆ ಸಿಟ್ಟಿಲ್ಲ. ಪೂರ್ತಿ ಒಂದೇ ಸಲ ಆಗದಿದ್ದರೆ ಮೂರು ಕಂತಿನಲ್ಲಿ ಕೊಡಿ. ಒಬ್ಬ ಟೀಚರಮ್ಮ ಆರು ತಿಂಗಳು ತಿಂಗಳಿಗಿಷ್ಟು ಅಂತ ಕೊಟ್ಟು ಉಣಕಲ್ ಕೆರೆಯ ಚಿತ್ರ ಒಯ್ದರು.

ಪರಿಚಯದವರಿಗೆ ಒಂದು ಸುಮ್ನೆ ಕೊಡಬಹುದಲ್ವಾ?

ಇಲ್ಲ.

ಫೋಟೋ ಕೊಟ್ಟರೆ ತೀರಿಹೋದವರ ಭಾವಚಿತ್ರ ಬರೆದುಕೊಡುತ್ತೀರಾ?

ಬರೆಯುತ್ತೇನೆ. ಆದರೆ ದೊಡ್ಡ ಫೋಟೋ ಇದ್ದರೆ ಹುಡುಕಿ ತನ್ನಿ. ಹಾವೇರಿ ಕಡೆಯ ಒಬ್ಬ ತಾಯಿ ತಮ್ಮ ಅಪ್ಪನ ಫೋಟೋ ತಂದಿದ್ದರು. ಯಾವುದೋ ಹಳೇ ಗುರುತಿನ ಚೀಟಿಯಿಂದ ಕಿತ್ತದ್ದು. ಬೆರಳಿನ ಉಗುರು ಎರಡು ಕೂಡಿಸಿದಷ್ಟು ಮುಖ. ಅದರ ಎಡಗೆನ್ನೆಯ ಮೇಲೆ ನೇರಳೆ ಸೀಲಿನ ಅರ್ಧ ಚಂದ್ರ. ಇದ್ದದ್ದು ಅದೊಂದೇ ಫೋಟೋ.

ಎಡಗೆನ್ನೆ ಹೇಗಿತ್ತು ಅಂತ ಕೇಳುತ್ತಾ ಹೋದೆ. ಅವರು ಹೇಳಲಾರರು, ಬರೆದು ತೋರಿಸಿದರೆ "ಹಿಂಗಲ್ರಿ" ಅನ್ನುತ್ತಾರೆ. ಮೂರು ಸಲ ಬಂದರು. ಮೂರನೇ ಸಲ ತಮ್ಮನನ್ನು ಕರೆದುಕೊಂಡು ಬಂದರು. ಆತನನ್ನು ಕಿಟಕಿ ಹತ್ತಿರ ಕೂರಿಸಿ ನೋಡಿದೆ, ಎಡಗೆನ್ನೆ ಅಲ್ಲಿತ್ತು. ಆತನದನ್ನೇ ಅಪ್ಪನಿಗೆ ಬರೆದೆ. ರುಮಾಲು ಸುತ್ತಿದ ರೀತಿ ಮಾತ್ರ ತಪ್ಪಾಗಿತ್ತು. ಆ ತಾಯಿಯೇ ಒಂದು ಟವೆಲ್ ಇಸಕೊಂಡು ತಮ್ಮನ ತಲೆಗೆ ಸುತ್ತಿ ತೋರಿಸಿದರು. ಈಗ ಯಾರೇ ಭಾವಚಿತ್ರ ಬರೆಸಲು ಬಂದರೂ ನಾನು ಮೊದಲು ಕೇಳುವುದು, ಮನೆಯಲ್ಲಿ ಅವರನ್ನು ಹೋಲುವವರು ಯಾರಿದ್ದಾರೆ ಅಂತ.

ನಿಮಗೆ ಪ್ರಶಸ್ತಿ ಬಂದಿದೆಯಾ? ಪ್ರಶಸ್ತಿಗೆ ಅರ್ಜಿ ಹಾಕಬೇಕಾ?

ದೊಡ್ಡದು ಬಂದಿಲ್ಲ. ರಾಜ್ಯ ಸರ್ಕಾರ ಚಿತ್ರಕಲೆಗೆ ಕೊಡುವುದು ವರ್ಣಶಿಲ್ಪಿ ಕೆ. ವೆಂಕಟಪ್ಪ ಅವರ ಹೆಸರಿನ ಪ್ರಶಸ್ತಿ. ಲಲಿತಕಲಾ ಅಕಾಡೆಮಿಯ ವಾರ್ಷಿಕ ಕಲಾ ಪ್ರದರ್ಶನಕ್ಕೆ ಚಿತ್ರ ಕಳಿಸಬಹುದು, ಅಲ್ಲಿ ಬಹುಮಾನ ಇರುತ್ತದೆ. ವಯಸ್ಸಿನ ಹುಡುಗರು ಇದಕ್ಕೆ ಖಂಡಿತ ಕಳಿಸಿ. ರಾಜ್ಯೋತ್ಸವ ಪ್ರಶಸ್ತಿ ನವೆಂಬರ್ 1ಕ್ಕೆ. 2024ರಲ್ಲಿ 69 ಜನರಿಗೆ ಕೊಟ್ಟರು. ಎಷ್ಟನೇ ರಾಜ್ಯೋತ್ಸವವೋ ಅಷ್ಟು ಜನ ಅನ್ನುವ ಲೆಕ್ಕ. ಜಿಲ್ಲಾಡಳಿತದ ರಾಜ್ಯೋತ್ಸವ ಸನ್ಮಾನ ಬೇರೆ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಗದಗ, ಹಾವೇರಿ ಬೇರೆಯಾದವು. ಒಂದಿದ್ದ ವೇದಿಕೆ ಮೂರಾಯಿತು, ಕಲಾವಿದರಿಗೆ ಲಾಭವೇ ಆಯಿತು.

ಒಂದು ಎಚ್ಚರಿಕೆ. "ನಿಮ್ಮ ಹೆಸರು ಆಯ್ಕೆ ಆಗಿದೆ, ನೋಂದಣಿಗೆ 3,000 ಕಳಿಸಿ" ಅಂತ ಫೋನ್ ಬರುತ್ತದೆ. ಹೆಸರು ಭಾರೀ ಇರುತ್ತದೆ, ರತ್ನ, ಭೂಷಣ, ಶಿರೋಮಣಿ. ನಾನೂ ಒಮ್ಮೆ ಕಳಿಸಿದ್ದೇನೆ. ಹೋಗಿ ನೋಡಿದರೆ ಒಂದೇ ದಿನ ಅರವತ್ತು ಚಿಲ್ಲರೆ ಶಿರೋಮಣಿಗಳು. ಸಾಲಿನಲ್ಲಿ ನಿಂತು ಪ್ರಶಸ್ತಿ ತೆಗೆದುಕೊಂಡೆವು. ಪ್ರಮಾಣಪತ್ರದಲ್ಲಿ ನನ್ನನ್ನು ಭರತನಾಟ್ಯ ಕಲಾವಿದ ಎಂದು ಬರೆದಿದ್ದರು.

ಶಾಲು ಮಾತ್ರ ನಮ್ಮ ಕಡೆ ಧಾರಾಳ. ಶಾಲೆ, ಮಠ, ಓಣಿಯ ಗಣಪತಿ ಮಂಡಳಿ, ಎಲ್ಲಿ ಹೋದರೂ ಶಾಲು, ಹಾರ, ಹಣ್ಣಿನ ಬುಟ್ಟಿ. ಜನಕ್ಕೆ ಚಿತ್ರಗಾರನ ಮೇಲೆ ಪ್ರೀತಿ ಇಲ್ಲ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಚಿತ್ರ ಕೊಳ್ಳಲು ಹತ್ತು ಸಲ ಯೋಚಿಸುವವರೇ ಶಾಲು ಹೊದಿಸಲು ಒಂದು ಸಲವೂ ಯೋಚಿಸುವುದಿಲ್ಲ. ನನ್ನ ಹತ್ತಿರ ಈಗ ಇಪ್ಪತ್ತೇಳು ಶಾಲು ಇವೆ.

ಅಷ್ಟು ಶಾಲು ಏನು ಮಾಡುತ್ತೀರಿ?

ಕ್ಯಾನ್ವಾಸ್ ಸುತ್ತುತ್ತೇನೆ. ಬಬಲ್ ಶೀಟಿಗಿಂತ ಒಳ್ಳೆಯದು, ಬಣ್ಣಕ್ಕೆ ಅಂಟುವುದಿಲ್ಲ, ತೊಳೆದು ಮತ್ತೆ ಬಳಸಬಹುದು. ಒಮ್ಮೆ ಒಂದು ಊರಿನ ಶಿಬಿರದಲ್ಲಿ ಚಿತ್ರ ಬಿಚ್ಚುತ್ತಿದ್ದೆ. ಪಕ್ಕದಲ್ಲಿ ನಿಂತ ಆಯೋಜಕರು, "ಇದು ನಾವು ಹೊದಿಸಿದ ಶಾಲಲ್ಲೇನ್ರಿ?" ಅಂದರು. ಹೌದು, ಅವರದೇ. ಅಂಚಿನಲ್ಲಿ ನೀಲಿ ಬಣ್ಣ ಹತ್ತಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಈ ಸಲ ಶಾಲಿನ ಬದಲು ಎರಡು ಕ್ಯಾನ್ವಾಸ್ ಕೊಟ್ಟರು.

ಬೆಂಗಳೂರಿನ ಚಿತ್ರಸಂತೆಗೆ ಹೋಗುತ್ತೀರಾ? ಅಲ್ಲಿ ಮಾರಾಟ ಆಗುತ್ತಾ?

ಹೋಗಿದ್ದೇನೆ. ಚಿತ್ರಕಲಾ ಪರಿಷತ್ತಿನವರು ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತಾರೆ. ಮೊದಲೇ ಅರ್ಜಿ ಹಾಕಿ ಜಾಗ ಪಡೆಯಬೇಕು. ರಾತ್ರಿ ರೈಲಿಗೆ ಹತ್ತಿ, ಚಿತ್ರದ ಕಟ್ಟನ್ನು ಕೆಳಗಿನ ಬರ್ತಿನಲ್ಲಿ ನಿಮ್ಮ ಪಕ್ಕಕ್ಕೇ ಮಲಗಿಸಿಕೊಳ್ಳಿ. ಅಲ್ಲಿ ಸಣ್ಣ ಚಿತ್ರ ಹೋಗುತ್ತವೆ, ಒಂದಡಿ ಒಳಗಿನವು. ದೊಡ್ಡದನ್ನು ನಿಂತು ನೋಡುತ್ತಾರೆ, ಜೊತೆಗೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಸಂಜೆ ಆರಕ್ಕೆ ಗಂಟಲು ಬಿದ್ದುಹೋಗಿರುತ್ತದೆ. ಧಾರವಾಡದವರು ಅಂದ ಕೂಡಲೇ ಪೇಡಾ ತಂದಿದ್ದೀರಾ ಅಂತ ಕೇಳುವವರಿಗೆ ನನ್ನ ಹತ್ತಿರ ಉತ್ತರವಿಲ್ಲ.

ಕೊಂಡ ಚಿತ್ರವನ್ನು ಮನೆಯಲ್ಲಿ ಹೇಗೆ ಕಾಪಾಡುವುದು?

ಧಾರವಾಡದ ಮಳೆಗೂ ಗದಗಿನ ಬಿಸಿಲಿಗೂ ಬೇರೆ ಬೇರೆ ಉತ್ತರ. ಧಾರವಾಡದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಥಂಡಿ ಹಿಡಿಯುತ್ತದೆ. ಕಾಗದದ ಚಿತ್ರಕ್ಕೆ ಬೂಷ್ಟು ಬರುತ್ತದೆ. ಮಳೆ ಬಡಿಯುವ ಹೊರಗೋಡೆಗೆ ಹಾಕಬೇಡಿ, ಒಳಗೋಡೆಗೆ ಹಾಕಿ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿ ಬೂಚಿನ ತುಂಡು ಅಂಟಿಸಿ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡಬೇಕು. ಗದಗದ ಕಡೆ ನೇರ ಬಿಸಿಲು ಬೀಳದಂತೆ ನೋಡಿಕೊಂಡರೆ ಸಾಕು.

ಒದ್ದೆ ಬಟ್ಟೆಯಿಂದ ಒರೆಸಬೇಡಿ. ಒಣ ಮೆತ್ತನೆ ಬ್ರಷ್ ಸಾಕು. ಕ್ಯಾನ್ವಾಸ್ ಸುತ್ತಿ ಒಯ್ಯುವುದಾದರೆ ಬಣ್ಣದ ಬದಿ ಹೊರಗೆ ಇರಲಿ, ಒಳಗಲ್ಲ. ಒಳಗೆ ಸುತ್ತಿದರೆ ಬಣ್ಣ ಒತ್ತಿ ಸುಕ್ಕು ಬೀಳುತ್ತದೆ. ಎಣ್ಣೆ ಬಣ್ಣದ ಚಿತ್ರ ಮೇಲೆ ಒಣಗಿದಂತೆ ಕಂಡರೂ ಒಳಗೆ ಒಣಗಲು ಆರು ತಿಂಗಳಿಂದ ವರ್ಷ ಬೇಕು. ಅಲ್ಲಿಯವರೆಗೆ ವಾರ್ನಿಷ್ ಕೇಳಬೇಡಿ. ಬರೆಯುವವರಿಗೆ ಇನ್ನೊಂದು ಮಾತು: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುತ್ತಾ ಬಿಸಿಯಾಗಿ ತಾನೇ ಹೊತ್ತಿಕೊಳ್ಳುವ ಅಪಾಯ ಇದೆ. ಹರವಿ ಒಣಗಿಸಿ.

ಈಗ ಎಐ ಒಂದೇ ನಿಮಿಷದಲ್ಲಿ ಚಿತ್ರ ಮಾಡುತ್ತದಲ್ಲ?

ಮಾಡಲಿ. ಫ್ಲೆಕ್ಸ್ ಬಂದಾಗಲೂ ಇದೇ ಪ್ರಶ್ನೆ ಕೇಳಿದ್ದರು, ಆಗ ನನ್ನ ಗುರುಗಳ ಅಂಗಡಿ ನಿಜಕ್ಕೂ ಮುಚ್ಚಿತು. ಹಾಗಾಗಿ ಏನೂ ಆಗುವುದಿಲ್ಲ ಅಂತ ಧೈರ್ಯ ಹೇಳಲಾರೆ. ಸದ್ಯಕ್ಕೆ ಹಾವೇರಿಯ ಆ ತಾಯಿಯಂಥವರು ಇನ್ನೂ ಬರುತ್ತಿದ್ದಾರೆ.

ನಮ್ಮ ಕಡೆ ಬಂದವರು ಏನೇನು ನೋಡಬೇಕು?

ಲಕ್ಕುಂಡಿ, ಕಲಘಟಗಿ ಆಗಲೇ ಹೇಳಿದೆ. ಶಿಗ್ಗಾವಿ ಹತ್ತಿರ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ, ಹೆದ್ದಾರಿಯ ಪಕ್ಕದಲ್ಲೇ. ಹಳ್ಳಿಯ ಬದುಕನ್ನು ಆಳೆತ್ತರದ ಗೊಂಬೆಗಳಲ್ಲಿ ಮಾಡಿಟ್ಟಿದ್ದಾರೆ. ಹತ್ತಿರದಿಂದ ಗೊಂಬೆಗಳ ಕಾಲ್ಬೆರಳು ನೋಡಿ. ಮುಖ ಎಲ್ಲರೂ ಚೆನ್ನಾಗಿ ಮಾಡುತ್ತಾರೆ. ಅಲ್ಲಿಂದ ಬಂಕಾಪುರ ಹತ್ತಿರ, ನಗರೇಶ್ವರ ಗುಡಿಯ ಕಂಬಗಳ ಸಾಲಿನಲ್ಲಿ ನೆರಳು ಬರೆಯಲು ಕಲಿಯಬಹುದು.

ನಿಮ್ಮ ಸ್ಟುಡಿಯೋಕ್ಕೆ ಬರಬಹುದಾ?

ಸ್ಟುಡಿಯೋ ಅನ್ನುವಷ್ಟು ದೊಡ್ಡದಲ್ಲ, ಮನೆಯ ಮೇಲಿನ ತಗಡಿನ ಕೋಣೆ. ಬನ್ನಿ. ಭಾನುವಾರ ಮಕ್ಕಳು ಹೋದ ಮೇಲೆ, ಹನ್ನೆರಡರ ನಂತರ. ಫೋನ್ ಮಾಡಿ ಬನ್ನಿ. ಕೂರುವ ಮೊದಲು ಕುರ್ಚಿ ಒಮ್ಮೆ ಮುಟ್ಟಿ ನೋಡಿ. ಬಿಳಿ ಅಂಗಿ ಬೇಡ.